ಬುಡದಲ್ಲಿ ಹೆಸರಿಲ್ಲದ ಪಂಡಿತರು

(ದಾಂಡೇಲಿಯಲ್ಲಿ ನಡೆದ ಕನ್ನಡ ಯುವಕರ ಶಿಬಿರವೊಂದರಲ್ಲಿ ಆಡಿದ ಮಾತಿನ ಬರಹರೂಪ)



ನಿಮ್ಮಲ್ಲಿ ಬಹಳ ಜನ ಹುಬ್ಬಳ್ಳಿ, ಬೆಂಗಳೂರಿನಿಂದ ಬಂದವರು. ದಾಂಡೇಲಿ ಅಂದರೆ ನಿಮಗೆ ಕಾಳಿ ನದಿಯ ರಾಫ್ಟಿಂಗು, ಮಂಗಟ್ಟೆ ಹಕ್ಕಿ, ರೆಸಾರ್ಟು. ನನಗೆ ದಾಂಡೇಲಿ ಅಂದರೆ ಕಾಗದದ ಊರು. ಇಲ್ಲಿ ಹಾಳೆ ಹುಟ್ಟುತ್ತದೆ. ಆದರೆ ನನ್ನಂಥ ಸಣ್ಣ ಪ್ರೆಸ್ಸಿನವನು ರೀಮು ತರಬೇಕಾದರೆ ಹುಬ್ಬಳ್ಳಿಯ ಬಸ್ಸು ಹತ್ತಬೇಕು. ಇರಲಿ, ಅದು ಬೇರೆ ಕಥೆ.

'ಮಾಧ್ಯಮಗಳಲ್ಲಿ ರಾಜಕೀಯ ವಿಶ್ಲೇಷಕರು' ಎಂದು ವಿಷಯ ಬರೆದು ಚೀಟಿ ಕಳಿಸಿದ್ದರು ನಿಮ್ಮ ಸಂಘಟಕರು. ಓದಿ ನಕ್ಕೆ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಕೂತವನು ನಾನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಇಷ್ಟೇ ನನ್ನ ಸಾಹಿತ್ಯ. ಆದರೆ ಈ ವಿಷಯದ ಬಗ್ಗೆ ಮಾತಾಡಲು ನನಗೊಂದು ಅರ್ಹತೆ ಇದೆ. ನಾನೂ ಒಮ್ಮೆ ರಾಜಕೀಯ ಪಂಡಿತನಾಗಿದ್ದೆ. ಒಂದೇ ಒಂದು ರಾತ್ರಿ. ಅದನ್ನೇ ಮೊದಲು ಹೇಳಿಬಿಡುತ್ತೇನೆ. ಆಮೇಲೆ ದೊಡ್ಡ ಪಂಡಿತರ ಕಡೆ ಹೋಗೋಣ.

ಹತ್ತು ವರ್ಷದ ಮೇಲಾಯಿತು. ವಿಧಾನಸಭೆ ಚುನಾವಣೆಯ ಕಾಲ. ಯಾವ ವರ್ಷ, ಯಾವ ಪಕ್ಷ ಎಂದು ಕೇಳಬೇಡಿ. ರಾತ್ರಿ ಹತ್ತರ ಸುಮಾರಿಗೆ ಷಟರ್ ಅರ್ಧ ಇಳಿಸಿದ್ದೆ, ಇಬ್ಬರು ಬಂದರು. ಕೈಯಲ್ಲಿ ಬರೆದ ಎರಡು ಹಾಳೆ. 'ಕ್ಷೇತ್ರದ ರಾಜಕೀಯ: ಒಂದು ನಿಷ್ಪಕ್ಷಪಾತ ವಿಶ್ಲೇಷಣೆ' ಅಂತ ತಲೆಬರಹ. ಐದು ಸಾವಿರ ಪ್ರತಿ, ಬೆಳಗಿನೊಳಗೆ ಬೇಕು. ರೊಕ್ಕ ಮುಂಗಡ, ಅದೂ ಮಾಮೂಲಿ ದರಕ್ಕಿಂತ ಎರಡು ಪಟ್ಟು. ಒಂದೇ ಷರತ್ತು, ಬುಡದಲ್ಲಿ ಪ್ರೆಸ್ಸಿನ ಹೆಸರು ಬರಬಾರದು, ಪ್ರಕಾಶಕರ ಹೆಸರೂ ಬೇಡ.

ಆ ತಿಂಗಳು ಮಿನಿ ಆಫ್‌ಸೆಟ್ ಮಶೀನಿನ ಸಾಲದ ಕಂತು ಬಾಕಿ ಇತ್ತು. ಒಪ್ಪಿಕೊಂಡೆ. ನನ್ನನ್ನು ಯಾರೂ ಹೆದರಿಸಲಿಲ್ಲ, ಒತ್ತಾಯ ಮಾಡಲಿಲ್ಲ. ರೊಕ್ಕಕ್ಕೆ ಒಪ್ಪಿಕೊಂಡೆ.

ಕಂಪೋಸು ಮಾಡಿದಾಗ ಪುಟದ ಕೆಳಗೆ ಎರಡು ಇಂಚು ಜಾಗ ಖಾಲಿ ಉಳಿಯಿತು. ಪ್ರೆಸ್ಸಿನವನಿಗೆ ಖಾಲಿ ಜಾಗ ಕಂಡರೆ ಕೈ ಕಡಿಯುತ್ತದೆ. ಬಂದವರಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಅಕ್ಷರ ದೊಡ್ಡದು ಮಾಡಿದರೆ ಎರಡನೇ ಪುಟಕ್ಕೆ ಹೋಗುತ್ತದೆ. ಕೊನೆಗೆ ನಾನೇ ಎರಡು ಸಾಲು ಹೊಡೆದೆ. 'ರಾಜಕೀಯ ಪಂಡಿತರ ಪ್ರಕಾರ ಈ ಬಾರಿ ಕ್ಷೇತ್ರದಲ್ಲಿ ಗಾಳಿ ಬದಲಾಗಿದ್ದು, ಮೌನ ಮತದಾರರೇ ನಿರ್ಣಾಯಕರಾಗಲಿದ್ದಾರೆ.' ಅದರ ಸುತ್ತ ಒಂದು ಚೆಂದನೆಯ ಬಾರ್ಡರು. ಯಾವ ಪಂಡಿತ? ನಾನು! ಯಾವ ಗಾಳಿ? ಫ್ಯಾನಿನ ಗಾಳಿ!

ಮೂರನೇ ದಿನ ಚಹಾದಂಗಡಿಯಲ್ಲಿ ಕೂತಿದ್ದೆ. ಮಿಲ್ಲಿನ ಶಿಫ್ಟ್ ಮುಗಿಸಿ ಬಂದವರೊಬ್ಬರು ಜೋರಾಗಿ ವಾದ ಮಾಡುತ್ತಿದ್ದರು: "ಏ, ನಿನಗೇನ್ ಗೊತ್ತೋ? ರಾಜಕೀಯ ಪಂಡಿತರ ಹೇಳ್ಯಾರ, ಈ ಸಲ ಗಾಳಿ ಬದಲಾಗೈತಿ. ಮೌನ ಮತದಾರರ ಮ್ಯಾಲೆ ನಿಂತೈತಿ ಎಲ್ಲಾ." ನನ್ನ ಬಾಯಲ್ಲಿದ್ದ ಚಹಾ ಗಂಟಲಲ್ಲೇ ನಿಂತಿತು. ಅವರು ಎರಡು ಪುಟದ ಆ 'ವಿಶ್ಲೇಷಣೆ'ಯಲ್ಲಿ ಬೇರೆ ಒಂದು ಸಾಲೂ ನೆನಪಿಟ್ಟಿರಲಿಲ್ಲ. ಜಾಗ ತುಂಬಲು ನಾನು ಹೊಡೆದದ್ದು ಮಾತ್ರ ಅವರ ತಲೆಯಲ್ಲಿ ಕೂತಿತ್ತು.

ಅಪ್ಪನ ಕಾಲದಲ್ಲಿ ನಮ್ಮಲ್ಲಿ ಕಂಪೋಸಿಟರ್ ಆಗಿದ್ದ ಕಾಕಾ ಒಬ್ಬರಿದ್ದರು. ಮೊಳೆ ಜೋಡಿಸಿ ಜೋಡಿಸಿ ಬೆರಳು ಸವೆಸಿಕೊಂಡವರು. ಸಂಜೆ ಪ್ರೆಸ್ಸಿಗೆ ಬಂದು ಆ ಹ್ಯಾಂಡ್‌ಬಿಲ್ಲು ಮೇಜಿನ ಮೇಲಿಟ್ಟರು. "ತಮ್ಮಾ, ಹಿಂದಕ ಸವೆದ ಮೊಳಿ ನೋಡಿ ಇದು ಯಾವ ಪ್ರೆಸ್ಸಿಂದು ಅಂತ ಹೇಳ್ತಿದ್ವಿ. ಈಗ ಕಂಪ್ಯೂಟರ್ ಬಂದಾವ, ಮೊಳಿ ಇಲ್ಲ. ಆದ್ರ ಈ ಬಾರ್ಡರ್ ನಿಮ್ಮ ಲಗ್ನಪತ್ರಿಕಿದ್ದು. ಬುಡದಾಗ ಹೆಸರ ಯಾಕಿಲ್ಲ?" ಉತ್ತರಕ್ಕೆ ಕಾಯಲಿಲ್ಲ, ಎದ್ದು ಹೋದರು. ಆಮೇಲೆ ಸುಮಾರು ದಿನ ನನ್ನ ಪ್ರೆಸ್ಸಿನ ಮೆಟ್ಟಿಲು ಹತ್ತಲಿಲ್ಲ.

ಬುಡದಲ್ಲಿ ಹೆಸರು ಅಂದೆನಲ್ಲ, ಅದು ಶೋಕಿಗೆ ಹಾಕುವುದಲ್ಲ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯಲ್ಲಿ 127ಎ ಅಂತ ಒಂದು ಕಲಮು ಇದೆ. ಚುನಾವಣೆಯ ಯಾವುದೇ ಕರಪತ್ರ, ಭಿತ್ತಿಪತ್ರದ ಮೇಲೆ ಮುದ್ರಕನ ಹೆಸರು-ವಿಳಾಸ, ಪ್ರಕಾಶಕನ ಹೆಸರು-ವಿಳಾಸ ಇರಲೇಬೇಕು. ಅಚ್ಚು ಹಾಕಿಸುವವನು ತಾನು ಯಾರೆಂದು ಎರಡು ಪ್ರತಿಯಲ್ಲಿ ಘೋಷಣೆ ಬರೆದು ಸಹಿ ಹಾಕಬೇಕು. ಅವನನ್ನು ಖುದ್ದಾಗಿ ಬಲ್ಲ ಇಬ್ಬರು ಅದಕ್ಕೆ ಸಾಕ್ಷಿ ಹಾಕಬೇಕು. ಅಚ್ಚಾದ ಮೇಲೆ ಒಂದು ಪ್ರತಿಯ ಜೊತೆ ಆ ಘೋಷಣೆಯನ್ನು ನಾವು ಜಿಲ್ಲಾಧಿಕಾರಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಾನು ಆ ರಾತ್ರಿ ಮಾಡಿದ್ದು ಈ ಕಾನೂನಿನ ಪ್ರಕಾರ ಅಪರಾಧ. ಸಿಕ್ಕಿಬೀಳಲಿಲ್ಲ, ಅಷ್ಟೇ.

ಈಗ ಯೋಚನೆ ಮಾಡಿ. ಓಣಿಯಲ್ಲಿ ಹಂಚುವ ಡೆಮಿ ಅರ್ಧ ಹಾಳೆಗೇ ಇಷ್ಟು ಕಟ್ಟುನಿಟ್ಟು. ಒಂದು ಹಾಳೆ ಬರೆದವನಾರು, ಹಾಕಿಸಿದವನಾರು ಎಂದು ಮತದಾರನಿಗೆ ಗೊತ್ತಿರಬೇಕು ಅಂತ ಕಾನೂನು ಹೇಳುತ್ತದೆ. ಹಾಗಿದ್ದರೆ ರಾತ್ರಿ ಒಂಬತ್ತಕ್ಕೆ ಲಕ್ಷಾಂತರ ಮನೆಗಳ ಒಳಗೆ ಬಂದು ಕೂತು, ಕೈ ಬೀಸಿ ಮಾತಾಡುವ ಮಹಾಶಯರ ಕೆಳಗೆ ಏನಿರುತ್ತದೆ? ಒಂದು ಪಟ್ಟಿ. ಹೆಸರು, ಅದರ ಕೆಳಗೆ 'ರಾಜಕೀಯ ವಿಶ್ಲೇಷಕರು'. ಮುಗಿಯಿತು. ಇವರು ಯಾವ ಊರಿನವರು, ಹೊಟ್ಟೆಪಾಡಿಗೆ ಏನು ಮಾಡುತ್ತಾರೆ, ಕಳೆದ ಚುನಾವಣೆಯಲ್ಲಿ ಯಾರಿಗೆ ಭಾಷಣ ಬರೆದುಕೊಟ್ಟಿದ್ದರು, ನಾಳೆ ಯಾವ ನಿಗಮ ಮಂಡಳಿಯ ಮೇಲೆ ಕಣ್ಣಿದೆ? ಒಂದೂ ತಿಳಿಯುವುದಿಲ್ಲ.

ಹಿಂದಿನವರೆಲ್ಲ ಸತ್ಯಹರಿಶ್ಚಂದ್ರರು ಅಂತ ನಾನು ಹೇಳುತ್ತಿಲ್ಲ. ಅವರಿಗೂ ಪಕ್ಷ ಇತ್ತು, ಸಿಟ್ಟು ಇತ್ತು, ಹಟ ಇತ್ತು. ಆದರೆ ಅವರು ನಿಂತ ಜಾಗ ಓದುಗನಿಗೆ ಗೊತ್ತಿತ್ತು. ನಮ್ಮ ಜಿಲ್ಲೆಯವರೇ ಆದ ದಿನಕರ ದೇಸಾಯಿಯವರನ್ನು ತೆಗೆದುಕೊಳ್ಳಿ. ಚುಟುಕದ ಕವಿ ಅಂತ ನೀವು ಶಾಲೆಯಲ್ಲಿ ಓದಿರುತ್ತೀರಿ. ಅವರು 'ಜನಸೇವಕ' ಅಂತ ವಾರಪತ್ರಿಕೆ ನಡೆಸಿದವರು. ಗೇಣಿ ರೈತರನ್ನು ಕಟ್ಟಿದ್ದಕ್ಕೆ ಬ್ರಿಟಿಷ್ ಸರ್ಕಾರದಿಂದ ಜಿಲ್ಲೆಯಿಂದಲೇ ಗಡೀಪಾರಾದವರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಶಾಲೆ ತೆರೆದರು, ನಮ್ಮ ದಾಂಡೇಲಿಯ ಜನತಾ ವಿದ್ಯಾಲಯವೂ ಅದರದ್ದೇ. 1967ರಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೆ ಹೋದರು. ಅವರು ಭೂಮಾಲೀಕರ ವಿರುದ್ಧ ಬರೆದರೆ ಓದುವವನಿಗೆ ಅನುಮಾನವೇ ಇರಲಿಲ್ಲ: ಇವರು ಗೇಣಿದಾರರ ಕಡೆ. ಒಪ್ಪಿಕೊಳ್ಳುವವನು ಒಪ್ಪಿಕೊಂಡ, ಬೈಯುವವನು ಬೈದ.

ಹುಬ್ಬಳ್ಳಿಯ ಪಾಟೀಲ ಪುಟ್ಟಪ್ಪನವರೂ ಹಾಗೆಯೇ. 'ಪ್ರಪಂಚ'ದಲ್ಲಿ ಬೈದರು, ಹೊಗಳಿದರು. 1962ರಿಂದ 1974ರವರೆಗೆ ರಾಜ್ಯಸಭೆಯಲ್ಲೂ ಕೂತರು. ಗೋಕಾಕ ಚಳವಳಿಯಲ್ಲಿ ಬೀದಿಗೂ ಇಳಿದರು. ಎಲ್ಲವೂ ಹಗಲು ಬೆಳಕಿನಲ್ಲಿ. ಲಂಕೇಶ್ 1980ರಲ್ಲಿ ಪತ್ರಿಕೆ ಶುರು ಮಾಡಿದಾಗ ಜಾಹೀರಾತೇ ಬೇಡ ಅಂದರು. ಓದುಗ ಕೊಡುವ ಕಾಸಿನ ಮೇಲೆ ಪತ್ರಿಕೆ ನಿಂತಿತು. ಅಂದಮೇಲೆ ಅವರಿಗೆ ದುಡ್ಡು ಕೊಟ್ಟವನು ಯಾರು? ಓದಿದವನೇ. ಮುಂದೆ ಅವರು 'ಪ್ರಗತಿರಂಗ' ಅಂತ ರಾಜಕೀಯ ವೇದಿಕೆ ಕಟ್ಟಿದಾಗಲೂ ಅದೇ ಪತ್ರಿಕೆಯಲ್ಲಿ ಹೇಳಿಯೇ ಕಟ್ಟಿದರು. 'ಪ್ರಜಾವಾಣಿ'ಯ ಟಿ.ಎಸ್. ರಾಮಚಂದ್ರರಾಯರ 'ಛೂಬಾಣ' ನಮ್ಮಪ್ಪನಿಗೆ ಬೆಳಗಿನ ಚಹಾದ ಜೊತೆಗೆ ಬೇಕಿತ್ತು. ನಾಲ್ಕು ಸಾಲು ಇರುತ್ತಿತ್ತು. ಇವತ್ತಿನ ಎರಡು ತಾಸಿನ ಚರ್ಚೆ ನೋಡಿದರೆ ಆ ನಾಲ್ಕು ಸಾಲಿನ ಬೆಲೆ ತಿಳಿಯುತ್ತದೆ.

ಎರಡು ತಾಸು ಅಂದೆ. ನಿಜವಾದ ತಂಟೆ ಅಲ್ಲಿದೆ. 2006ರಲ್ಲಿ ಟಿವಿ9 ಬಂದ ಮೇಲೆ ಕನ್ನಡದಲ್ಲಿ ಒಂದರ ಹಿಂದೆ ಒಂದು ಸುದ್ದಿ ಚಾನೆಲ್ ಬಂದವು. ಸುದ್ದಿ ತರಲು ವರದಿಗಾರ ಬೇಕು, ಗಾಡಿ ಬೇಕು, ಎಣ್ಣೆ ಬೇಕು, ದಿನ ಬೇಕು. ಜೋಯಿಡಾದ ಕಾಡಿನ ಹಳ್ಳಿಗೆ ಹೋಗಿ ಕುಣಬಿಯವರನ್ನು ಮಾತಾಡಿಸಿ ಬರಲು ಎರಡು ದಿನ ಬೇಕು. ನಾಲ್ಕು ಜನರನ್ನು ಸ್ಟುಡಿಯೋದಲ್ಲಿ ಕೂರಿಸಿ ಜಗಳ ಹಚ್ಚಲು ಏನು ಬೇಕು? ನಾಲ್ಕು ಕುರ್ಚಿ. ಇಪ್ಪತ್ನಾಲ್ಕು ತಾಸೂ ತೆರೆ ಖಾಲಿ ಬಿಡುವಂತಿಲ್ಲ. ನನಗೆ ಎರಡು ಇಂಚು ಖಾಲಿ ಜಾಗ ಕಂಡಾಗ ಏನಾಯಿತೋ, ಅವರಿಗೆ ದಿನವಿಡೀ ಅದೇ ಆಗುತ್ತದೆ. ನಾನು 'ಪಂಡಿತರ ಪ್ರಕಾರ' ಅಂತ ಹೊಡೆದೆ. ಅವರು ಪಂಡಿತರನ್ನೇ ಕರೆತಂದು ಕೂರಿಸುತ್ತಾರೆ. ಆ ಪಂಡಿತ 'ನನಗೆ ಗೊತ್ತಿಲ್ಲ' ಅಂದರೆ ಮರುದಿನ ಗಾಡಿ ಕಳಿಸುವುದಿಲ್ಲ. ಹಾಗಾಗಿ ಎಲ್ಲವೂ ಗೊತ್ತು. ಬೆಳಿಗ್ಗೆ ಕಾವೇರಿ ನೀರಿನ ಲೆಕ್ಕ, ಮಧ್ಯಾಹ್ನ ಪಾಕಿಸ್ತಾನ, ರಾತ್ರಿ ಸಂಪುಟ ವಿಸ್ತರಣೆ.

ಇವರ ಕರ್ನಾಟಕದ ನಕಾಶೆ ನೋಡಿದ್ದೀರಾ? ಹಳೇ ಮೈಸೂರು, ಕಿತ್ತೂರು ಕರ್ನಾಟಕ, ಕಲ್ಯಾಣ ಕರ್ನಾಟಕ, ಕರಾವಳಿ. ಉತ್ತರ ಕನ್ನಡ ಜಿಲ್ಲೆಯನ್ನು ಎತ್ತಿ ಬಹಳ ಸಲ 'ಕರಾವಳಿ'ಗೆ ಹಾಕುತ್ತಾರೆ. ಸ್ವಾಮಿ, ದಾಂಡೇಲಿಯಲ್ಲಿ ನಿಂತು ಸಮುದ್ರ ತೋರಿಸಿ ನೋಡೋಣ! ಹಳಿಯಾಳ ಕ್ಷೇತ್ರ ಅಂದರೆ ಹಳಿಯಾಳ, ದಾಂಡೇಲಿ, ಜೋಯಿಡಾ. ಮೂರೂ ಘಟ್ಟದ ಮೇಲೆ. ಇಲ್ಲಿ ಮರಾಠಿ ಮಾತಾಡುವ ರೈತರಿದ್ದಾರೆ, ಮಿಲ್ಲಿಗೆಂದು ದೇಶದ ಮೂಲೆಮೂಲೆಯಿಂದ ಬಂದು ಉಳಿದವರಿದ್ದಾರೆ, ಕುಣಬಿ, ಗೌಳಿ, ಸಿದ್ದಿಗಳಿದ್ದಾರೆ. ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸಿಕ್ಕಿತು. ಅದೇ ಬೇಡಿಕೆ ಇಟ್ಟು ಕುಣಬಿಗಳು ವರ್ಷಾನುಗಟ್ಟಲೆ ಹೋರಾಡುತ್ತಾ ಬಂದರು. ಇದ್ಯಾವುದೂ 'ಕರಾವಳಿಯಲ್ಲಿ ಅಲೆ' ಅನ್ನುವ ಮಾತಿನಲ್ಲಿ ಬರುವುದಿಲ್ಲ. ಆರ್.ವಿ. ದೇಶಪಾಂಡೆಯವರು 1983ರಿಂದ ಪಕ್ಷ ಬದಲಾದರೂ ಇದೇ ಕ್ಷೇತ್ರದಿಂದ ಗೆಲ್ಲುತ್ತಾ ಬಂದರು, 2008ರಲ್ಲಿ ಸುನೀಲ ಹೆಗಡೆಯವರ ಎದುರು ಸೋತರು, 2023ರಲ್ಲಿ ನಾಲ್ಕು ಸಾವಿರಕ್ಕೂ ಕಡಿಮೆ ಮತದಿಂದ ಗೆದ್ದರು. ಆ ಸಲ ಜೆಡಿಎಸ್‌ನಿಂದ ನಿಂತ ಮೂರನೆಯವರು ಹಿಂದೆ ಕಾಂಗ್ರೆಸ್ಸಿನಿಂದಲೇ ವಿಧಾನ ಪರಿಷತ್ತಿಗೆ ಹೋಗಿದ್ದವರು. ರಾಜ್ಯದಲ್ಲಿ ಕಾಂಗ್ರೆಸ್ಸಿಗೆ 135 ಸ್ಥಾನ ಬಂದ ವರ್ಷವೂ ಇಲ್ಲಿ ಹೀಗೆ ಕೂದಲೆಳೆಯ ಲೆಕ್ಕ ಯಾಕಾಯಿತು ಎಂದು ಯಾವ ಸ್ಟುಡಿಯೋದಲ್ಲೂ ನನ್ನ ಕಿವಿಗೆ ಬೀಳಲಿಲ್ಲ. ಚಹಾದಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ 2023ರ ಮೇ 10ರ ಸಂಜೆ ನೆನಪಿದೆಯಾ? ಮತದಾನ ಮುಗಿದದ್ದೇ ತಡ, ಎಷ್ಟೋ ಸಮೀಕ್ಷೆಗಳು 'ಅತಂತ್ರ' ಅಂದವು. ಮೂರು ದಿನ ಅದೇ ಚರ್ಚೆ. ಯಾರು ಯಾರ ಜೊತೆ ಹೋಗುತ್ತಾರೆ, ಯಾವ ರೆಸಾರ್ಟು. 13ಕ್ಕೆ ಡಬ್ಬಿ ತೆರೆದರೆ 135, 66, 19. ಮರುವರ್ಷ ಲೋಕಸಭೆ. ಜೂನ್ 1ಕ್ಕೆ ಎನ್‌ಡಿಎಗೆ 350ರ ಮೇಲೆ, ಕೆಲವರು 400 ಅಂದರು. ಜೂನ್ 4ಕ್ಕೆ ಬಂದದ್ದು 293, ಬಿಜೆಪಿ ಒಂದಕ್ಕೇ 240. ಒಬ್ಬ ಸಮೀಕ್ಷೆಗಾರರು ನೇರಪ್ರಸಾರದಲ್ಲೇ ಅತ್ತುಬಿಟ್ಟರು. ನಮ್ಮ ಹುಡುಗರು ಆ ವಿಡಿಯೋ ಹಾಕಿ ಹಾಕಿ ನಕ್ಕರು. ನನಗೆ ನಗು ಬರಲಿಲ್ಲ. ಆ ಮನುಷ್ಯ ತಪ್ಪಾದ ದಿನವೂ ಬಂದು ಕೂತನಲ್ಲ! ಅದೇ ಅಂಕಿ ಇಟ್ಟುಕೊಂಡು ಮೂರು ದಿನ ಗಂಟಲು ಹರಿದುಕೊಂಡ ನಮ್ಮ ಪಂಡಿತರಲ್ಲಿ ಎಷ್ಟು ಜನ 'ನಾನು ಹೇಳಿದ್ದು ಸುಳ್ಳಾಯಿತು' ಅಂದದ್ದನ್ನು ನೀವು ಕೇಳಿದ್ದೀರಿ? ಅದೇ ದಿನ ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಕೂತು, ಹೀಗೆ ಆಗುವುದು ಮೊದಲೇ ಗೊತ್ತಿತ್ತು ಅನ್ನುವ ದಾಟಿಯಲ್ಲಿ ಕಾರಣ ಹೇಳುತ್ತಿದ್ದರು. ಲಗ್ನಪತ್ರಿಕೆಯಲ್ಲಿ ವರನ ಹೆಸರು ತಪ್ಪಾದರೆ ನಾನು ಐನೂರು ಪ್ರತಿ ಪುಕ್ಕಟೆ ಹೊಡೆದುಕೊಡಬೇಕು. ಇವರಿಗೆ ಆ ಕಷ್ಟ ಇಲ್ಲ.

ಈಗ ನಿಮಗೆ ಸ್ವಲ್ಪ ಕಹಿಯಾಗುವ ಮಾತು. ಸಿಟ್ಟು ಬಂದರೂ ಪೂರ್ತಿ ಕೇಳಿ.

2022ರ ಡಿಸೆಂಬರ್. ಗಡಿ ಗಲಾಟೆ. ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಳಿದರು. ದಾಂಡೇಲಿಯವರಿಗೆ ಒಂದು ಅನುಕೂಲ ಇದೆ, ನಮಗೆ ಎರಡೂ ಭಾಷೆ ತಿಳಿಯುತ್ತದೆ. ಒಂದು ಚಾನೆಲ್ ಕನ್ನಡದ್ದು, ಒಂದು ಮರಾಠಿಯದ್ದು, ರಿಮೋಟ್ ಒತ್ತಿ ಒತ್ತಿ ನೋಡಿದೆ. ಎರಡೂ ಕಡೆ ಅದೇ ನಾಲ್ಕು ಕುರ್ಚಿ, ಅದೇ ಕೆಂಪು ಅಕ್ಷರ, ಅದೇ ಬೆಂಕಿಯ ಚಿತ್ರ. ಮರಾಠಿಯ ಪಂಡಿತರೊಬ್ಬರು 'ಕಾರವಾರ, ಹಳಿಯಾಳ, ಸೂಪಾ ನಮ್ಮದು' ಅಂದರು. ಅಯ್ಯಾ, ಸೂಪಾ ಎಲ್ಲಿದೆ? 1980ರ ದಶಕದಲ್ಲೇ ಅಣೆಕಟ್ಟಿನ ನೀರಿನೊಳಗೆ ಮುಳುಗಿ ಹೋಯಿತು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಬಂತು, ಹೆಸರೂ ಜೋಯಿಡಾ ಆಯಿತು. ಆ ಊರು ಬಿಟ್ಟು ಬಂದವರ ಕಣ್ಣೀರು ಇನ್ನೂ ಆರಿಲ್ಲ. ಈ ಮನುಷ್ಯ ನೀರಿನಡಿಯ ಊರಿಗೆ ಬಾವುಟ ನೆಡಲು ಹೊರಟಿದ್ದಾನೆ.

ಸರಿ, ನಮ್ಮ ಕಡೆ ಬನ್ನಿ. ನಮ್ಮ ಪಂಡಿತರೆಲ್ಲ ಒಂದೇ ಸ್ವರದಲ್ಲಿ 'ಮಹಾಜನ ವರದಿಯೇ ಅಂತಿಮ' ಅಂದರು. ನೀವೂ ಅದನ್ನೇ ಗೋಡೆಯ ಮೇಲೆ ಬರೆದಿರಿ. ನಾನೂ ಆ ಭಿತ್ತಿಪತ್ರ ಅಚ್ಚು ಹಾಕಿದ್ದೇನೆ. ಆದರೆ ಆ ವರದಿಯಲ್ಲಿ ಏನಿದೆ ಎಂದು ಆ ತಿಂಗಳೆಲ್ಲ ಯಾರಾದರೂ ಪೂರ್ತಿ ಹೇಳಿದರಾ? ಮಹಾರಾಷ್ಟ್ರ ಹಟ ಹಿಡಿದದ್ದಕ್ಕೇ 1966ರಲ್ಲಿ ಆಯೋಗ ನೇಮಕವಾಯಿತು. 1967ರಲ್ಲಿ ವರದಿ ಬಂತು. ಬೆಳಗಾವಿ ನಗರ ನಮ್ಮಲ್ಲೇ ಉಳಿಯಬೇಕು ಅಂದಿತು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ನಮಗೆ ಬರಬೇಕು ಅಂದಿತು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಕಡೆಯ 247 ಹಳ್ಳಿ ನಮಗೆ ಅಂದಿತು. ಇಷ್ಟನ್ನು ನಮ್ಮವರು ಹೇಳಿದರು. ಅದೇ ವರದಿ ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 260ಕ್ಕೂ ಹೆಚ್ಚು ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಕೊಡಿ ಅಂದಿದೆ. ನಂದಗಡ ಯಾವುದು ಗೊತ್ತಲ್ಲ? 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು, ಅವನ ಸಮಾಧಿ ಇರುವ ಊರು. ರಾಯಣ್ಣನ ಚಿತ್ರ ಎದೆಯ ಮೇಲೆ ಹಾಕಿಕೊಂಡು 'ವರದಿಯೇ ಅಂತಿಮ' ಅಂದ ಹುಡುಗರಿಗೆ ಈ ಸಂಗತಿ ಹೇಳುವ ಕೆಲಸ ಯಾರದ್ದು? ಪಂಡಿತರದ್ದೇ ತಾನೇ? ಹೇಳಿದ ಮೇಲೂ ನೀವು ಆ ವರದಿಯೇ ಇರಲಿ ಅನ್ನಬಹುದು, ಬೇಡ ಅನ್ನಬಹುದು. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದೆ, ವಾದ ಅಲ್ಲಿ ನಡೆಯಬೇಕು. ಅರ್ಧ ಹೇಳಿ ಹುಡುಗರನ್ನು ಟೋಲಿನ ಹತ್ತಿರ ಕಳಿಸಿದವರು ತಾವು ಮಾತ್ರ ಸ್ಟುಡಿಯೋದಿಂದ ಎಸಿ ಕಾರಿನಲ್ಲಿ ಮನೆಗೆ ಹೋದರು. ಕೇಸು ಬೀಳುವುದು ಹುಡುಗರ ಮೇಲೆ.

ಆ ವಾರ ನನ್ನ ಪ್ರೆಸ್ಸಿಗೆ ಹಳಿಯಾಳ ಕಡೆಯ ಮರಾಠಿ ಮನೆಯವರೊಬ್ಬರು ಮಗಳ ಲಗ್ನಪತ್ರಿಕೆ ಹಾಕಿಸಲು ಬಂದಿದ್ದರು. ಪ್ರತಿ ಸಲದಂತೆ ಒಂದು ಕಡೆ ಕನ್ನಡ, ಒಂದು ಕಡೆ ಮರಾಠಿ. ಪ್ರೂಫ್ ನೋಡುತ್ತಾ ಮೆಲ್ಲಗೆ ಕೇಳಿದರು: "ಅಣ್ಣಾ, ಈ ಸಲ ಬರೇ ಕನ್ನಡ ಹಾಕಿದ್ರ ಚಲೋ ಏನ್ರಿ? ಟಿವಿ ನೋಡಿ ಅಂಜಿಕಿ ಆಗೈತಿ." ನನಗೆ ಹೇಗಾಯಿತು ಅಂತ ಹೇಳಲಾರೆ. ಕನ್ನಡ ಬೆಳೆಯಬೇಕು ಅಂತ ನಾನೂ ರಾಜ್ಯೋತ್ಸವಕ್ಕೆ ಹೊಟ್ಟೆಕಟ್ಟಿ ಪುಕ್ಕಟೆ ಅಚ್ಚು ಹಾಕುವವನು. ಆದರೆ ಅಂಜಿಕೆಯಿಂದ ಬಂದ ಕನ್ನಡ ನನಗೆ ಬೇಡವಾಗಿತ್ತು. ಎರಡೂ ಹಾಕಿದೆ. ಮದುವೆಗೆ ಹೋಗಿ ಉಂಡೂ ಬಂದೆ.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಕೆಲವರು, ಇವರೆಲ್ಲ ರೊಕ್ಕ ತಗೊಂಡವರು, ಟಿವಿ ಆಫ್ ಮಾಡಿ ಅನ್ನುತ್ತೀರಿ. ನಮ್ಮ ಚಹಾದಂಗಡಿಯ ತೀರ್ಪೂ ಅದೇ. ಯಾರು ಏನು ಬರೆದರೂ "ಎಷ್ಟ ಕೊಟ್ರಂತ?" ಅನ್ನುವುದು ಒಂದು ಚಟವಾಗಿದೆ. ಇದಕ್ಕೆ ಕಾರಣ ಇಲ್ಲದಿಲ್ಲ. ಕಾಸಿಗೆ ಸುದ್ದಿ ಮಾರುವ ಪಿಡುಗಿನ ಬಗ್ಗೆ 2010ರಲ್ಲೇ ಪ್ರೆಸ್ ಕೌನ್ಸಿಲ್ ವರದಿ ಕೊಟ್ಟಿತು, ಅದಕ್ಕಾಗಿಯೇ ಚುನಾವಣೆ ಬಂದರೆ ಜಿಲ್ಲೆಗೊಂದು ಮಾಧ್ಯಮ ನಿಗಾ ಸಮಿತಿ ಕೂರುತ್ತದೆ. ಆದರೂ ಈ ತೀರ್ಪು ನನಗೆ ಒಪ್ಪಿಗೆಯಿಲ್ಲ. ಯಾಕೆ ಹೇಳಲಾ? ಎಲ್ಲರೂ ಕಳ್ಳರು ಅಂದುಬಿಟ್ಟರೆ ನಿಜವಾದ ಕಳ್ಳನಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ. ತಾಲೂಕು ಕಚೇರಿಯ ದಾಖಲೆ ತೆಗೆದು, ಮತದ ಅಂಕಿ ಕೂಡಿಸಿ, ಬಜೆಟ್ಟಿನ ಸಾಲು ಬಿಡಿಸಿ ಬರೆಯುವವರು ಕನ್ನಡದಲ್ಲಿ ಇವತ್ತೂ ಇದ್ದಾರೆ. ಅವರ ಲೇಖನ ಒಳಪುಟದಲ್ಲಿ ಬರುತ್ತದೆ. ಅವರನ್ನೂ ಅದೇ ಚೀಲಕ್ಕೆ ಹಾಕಿದರೆ ಅವರು ಬರೆಯುವುದು ಬಿಡುತ್ತಾರೆ. ಕಿರುಚುವವರು ಮಾತ್ರ ಉಳಿಯುತ್ತಾರೆ.

ನಾನು ಈಗ ಏನು ಮಾಡುತ್ತೇನೆ ಅಂದರೆ, ಟಿವಿಯಲ್ಲಿ ಯಾರಾದರೂ ಹೊಸ ವಿಶ್ಲೇಷಕರು ಬಂದರೆ ಅವರ ಹೆಸರನ್ನು ಪ್ರೆಸ್ಸಿನ ಡೈರಿಯಲ್ಲಿ ಬರೆದು, ಹೇಳಿದ ಮಾತನ್ನು ತಾರೀಖು ಸಮೇತ ಒಂದು ಸಾಲಿನಲ್ಲಿ ಗುರುತು ಹಾಕುತ್ತೇನೆ. ಆರು ತಿಂಗಳು ಬಿಟ್ಟು ತೆಗೆದು ನೋಡುತ್ತೇನೆ. ಹೆಂಡತಿ ನಗುತ್ತಾಳೆ: "ಉದ್ರಿ ಪಟ್ಟಿ ಬರಿಯೋದು ಬಿಟ್ಟು ಇದೇನ್ರಿ?" ಇದೂ ಉದ್ರಿ ಪಟ್ಟಿಯೇ. ಅದರಲ್ಲಿ ಇಬ್ಬರು ಮೂವರ ಲೆಕ್ಕ ಚೊಕ್ಕ ಇದೆ. ಒಬ್ಬರಂತೂ ನನಗೆ ಸ್ವಲ್ಪವೂ ಹಿಡಿಸದ ಪಕ್ಷದ ಕಡೆಯವರು, ಅದನ್ನು ಅವರೇ ಮೊದಲು ಹೇಳಿ ಮಾತಿಗೆ ಕೂರುತ್ತಾರೆ. ಅವರ ಮಾತು ತಪ್ಪದೆ ಕೇಳುತ್ತೇನೆ. ಉಳಿದವರ ಬಾಕಿ ಬೆಳೆಯುತ್ತಿದೆ.

ಆ ಹ್ಯಾಂಡ್‌ಬಿಲ್ಲಿನ ಒಂದು ಪ್ರತಿ ನನ್ನ ಮೇಜಿನ ಡ್ರಾದಲ್ಲಿದೆ. ಕಾಕಾ ಇಟ್ಟು ಹೋದದ್ದು. ಅದರ ಮೇಲೆ 127ಎ ಘೋಷಣೆಯ ಖಾಲಿ ಫಾರಮ್ಮುಗಳ ಕಟ್ಟು ಇಟ್ಟಿದ್ದೇನೆ. ಚುನಾವಣೆ ಕಾಲದಲ್ಲಿ ಯಾರೇ ಬಂದರೂ ಮೊದಲು ಫಾರಮ್ಮು ಮುಂದೆ ಇಡುತ್ತೇನೆ. ಅರ್ಧ ಜನ ಅದನ್ನು ನೋಡಿ "ಆಮ್ಯಾಲೆ ಬರ್ತೀವಿ" ಅಂತ ಹೋದವರು ಬರುವುದಿಲ್ಲ. ಧಂದೆ ಕಡಿಮೆಯಾಗಿದೆ. ಹೋದ ಚುನಾವಣೆಯಲ್ಲಿ ಕಾಕಾ ಬಂದು ಬೆಂಚಿನ ಮೇಲೆ ಕೂತು, ಅಚ್ಚಾದ ಹಾಳೆಯ ಬುಡ ಎತ್ತಿ ಕನ್ನಡಕ ಹಚ್ಚಿ ನೋಡಿ, "ಅಕ್ಷರ ಸಣ್ಣದಾತು ತಮ್ಮಾ, ಒಂದ್ ಪಾಯಿಂಟ್ ದೊಡ್ಡದ ಮಾಡು" ಅಂದರು. ಮಾಡಿದೆ.